ಚೌಕಟ್ಟಿನಾಚೆಯ ತೂಬು

ನವೆಂಬರಿನ ಎರಡನೆಯ ವಾರ, ಬೆಳಗಿನ ಆರು ಗಂಟೆ. ನ್ಯೂ ಮೆಕ್ಸಿಕೋದ ರಿಯೋ ಗ್ರಾಂಡೆ ಕಣಿವೆಯಲ್ಲಿ, ಶಟರ್ ಒತ್ತುವ ಬೆರಳು ಕೈಯಲ್ಲಿ ಇದೆಯೋ ಇಲ್ಲವೋ ಗೊತ್ತಾಗದಂಥ ಚಳಿ. ಕೊಳದ ದಂಡೆಯ ಮೇಲೆ ನನ್ನ ಎರಡೂ ಬದಿಗೆ ಟ್ರೈಪಾಡುಗಳ ಸಾಲು. ಅವುಗಳ ಮೇಲೆ ಫಿರಂಗಿಯಂಥ ಲೆನ್ಸುಗಳು, ಹಿಂದೆ ಕಂಬಳಿ ಟೋಪಿ ಎಳೆದುಕೊಂಡ ಮಾತಿಲ್ಲದ ಜನ. ಮೊಣಕಾಲು ಮುಟ್ಟದ ನೀರಿನಲ್ಲಿ ನಿಂತೇ ರಾತ್ರಿ ಕಳೆದ ಸ್ಯಾಂಡ್‌ಹಿಲ್ ಕ್ರೇನುಗಳು ಒಂದೊಂದಾಗಿ ಕತ್ತು ಎತ್ತುತ್ತಿದ್ದವು. ತೋಳದ ಬಳಗದ ಕಯೋಟಿ ಹತ್ತಿರ ಬಂದರೆ ನೀರಿನ ಸದ್ದಿಗೇ ಎಚ್ಚರವಾಗಲಿ ಎಂದು ಅವು ನೀರಲ್ಲಿ ರಾತ್ರಿ ತಂಗುವುದು. ನಮ್ಮ ಕಡೆ ಈ ಹಕ್ಕಿ ಇಲ್ಲ, ಹೆಸರೂ ಇಲ್ಲ. ಸಾರಸದ ಬಳಗದ್ದು, ಹಾಗಾಗಿ ಸಾರಸ ಎಂದೇ ಕರೆಯುತ್ತೇನೆ. ನಾಲ್ಕಡಿ ಎತ್ತರ, ಬೂದು ಮೈ, ಹಣೆಯ ಮೇಲೆ ಕುಂಕುಮ ಬಳಿದಂಥ ಕೆಂಪು. ಎದೆಯೊಳಗೆ ಸುರುಳಿ ಸುತ್ತಿಕೊಂಡ ಉದ್ದನೆಯ ಶ್ವಾಸನಾಳದಿಂದ ಹೊರಡುವ ಅದರ ಕೂಗು, ಹಕ್ಕಿ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಕಿವಿಗೆ ಬೀಳುತ್ತದೆ.

ಇದರ ಫೋಟೊ ತೆಗೆಯುವವರಿಗೆ ಗೊತ್ತಿರುವ ಒಂದು ಗುಟ್ಟಿದೆ. ಹಾರುವ ಮುನ್ನ ಸಾರಸ ಕತ್ತನ್ನು ಮುಂದಕ್ಕೆ ಚಾಚಿ, ಮೈಯನ್ನು ಓರೆಯಾಗಿ ಬಾಗಿಸಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಪಕ್ಕದಲ್ಲಿರುವ ಜೊತೆಗಾರ ಹಕ್ಕಿಯೂ ಬಾಗುತ್ತದೆ. ಆ ವರ್ಷದ ಮರಿ ಇದ್ದರೆ ಅದೂ ಬಾಗುತ್ತದೆ. ಅದರ ತಲೆ ಇನ್ನೂ ಕಂದು, ಕೆಂಪು ಬಂದಿರುವುದಿಲ್ಲ. ಮೂರೂ ಬಾಗಿದವು ಎಂದರೆ ನಾಲ್ಕು ಹೆಜ್ಜೆ ನೀರಿನ ಮೇಲೆ ಓಡಿ ಮೇಲೇಳುತ್ತವೆ. ಅಂಚಿನ ನೀರು ಹೆಪ್ಪುಗಟ್ಟಿದ ದಿನ ಓಡಲು ಹೋಗಿ ಜಾರುತ್ತವೆ. ಅಷ್ಟು ಗಂಭೀರ ಹಕ್ಕಿ ಹಾಗೆ ಜಾರುವುದನ್ನು ನೋಡಿ ನಗದಿರುವುದು ಕಷ್ಟ. ಸ್ನೋ ಗೂಸ್ ಎಂಬ ಬಿಳಿ ಹೆಬ್ಬಾತುಗಳದ್ದು ಬೇರೆಯೇ ಸ್ವಭಾವ. ಸಾವಿರಗಟ್ಟಲೆ ಕೂತಿದ್ದವು ಯಾವುದೋ ಒಂದು ಕ್ಷಣಕ್ಕೆ ಒಟ್ಟಿಗೇ ಎದ್ದುಬಿಡುತ್ತವೆ. ಕೊಳಕ್ಕೆ ಕೊಳವೇ ಮಗುಚಿದಂಥ ಸದ್ದು. ದಂಡೆಯ ಮೇಲಿನ ಕ್ಯಾಮೆರಾಗಳೆಲ್ಲ ಜಡಿಮಳೆಯಂತೆ ಶಬ್ದ ಮಾಡಿ ಸುಮ್ಮನಾಗುತ್ತವೆ. ಹಿಂದೆ ಹೊಂಬಣ್ಣಕ್ಕೆ ತಿರುಗಿದ ಕಾಟನ್‌ವುಡ್ ಮರಗಳು. ಅವುಗಳ ಎಲೆ ನಮ್ಮ ಅರಳಿ ಎಲೆಯ ಹಾಗೆಯೇ ತೀರಾ ಸಣ್ಣ ಗಾಳಿಗೂ ಅಲುಗಾಡುತ್ತದೆ.

ಈ ಜಾಗದ ಹೆಸರು ಬಾಸ್ಕೆ ಡೆಲ್ ಅಪಾಚೆ, ಅಂದರೆ ಅಪಾಚೆ ಎಂಬ ಮೂಲನಿವಾಸಿಗಳ ತೋಪು. ಆಲ್ಬುಕರ್ಕಿಯಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ. 1939ರಲ್ಲಿ ಅಮೆರಿಕ ಸರ್ಕಾರ ಘೋಷಿಸಿದ ವನ್ಯಜೀವಿ ಆಶ್ರಯಧಾಮ, 57 ಸಾವಿರ ಎಕರೆಗೂ ಹೆಚ್ಚು. ಅಕ್ಟೋಬರ್ ಕೊನೆಗೆ ಹಕ್ಕಿಗಳು ಉತ್ತರದಿಂದ ಇಳಿಯತೊಡಗಿ ಫೆಬ್ರವರಿಯ ತನಕ ಇರುತ್ತವೆ. ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ಶರತ್ಕಾಲದ ವನ್ಯಜೀವಿ ಚಿತ್ರ ಎಂದರೆ ಹತ್ತರಲ್ಲಿ ಐದಾದರೂ ಇಲ್ಲಿಯವೇ ಎಂದು ನನ್ನ ಲೆಕ್ಕ. ಆ ಚಿತ್ರಗಳನ್ನು ನೀವೂ ನೋಡಿರುತ್ತೀರಿ: ಬೆಂಕಿ ಬಣ್ಣದ ನೀರು, ಕಪ್ಪು ನೆರಳಾಗಿ ನಿಂತ ಸಾರಸಗಳು, ಹಿಂದೆ ನೀಲಿ ಬೆಟ್ಟ. ಮನುಷ್ಯನ ಸುಳಿವಿಲ್ಲ. ಮರುಭೂಮಿ ತಾನಾಗಿಯೇ ಒಂದು ಬಟ್ಟಲು ನೀರು ಹಿಡಿದು ಹಕ್ಕಿಗಳನ್ನು ಕರೆದಂತೆ ಕಾಣುತ್ತದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಆ ಚಿತ್ರದಲ್ಲಿರುವ ನೀರನ್ನು ಯಾರೋ ಬಿಟ್ಟಿದ್ದಾರೆ.

ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ರಿಯೋ ಗ್ರಾಂಡೆ ಒಂದು ಕಾಲಕ್ಕೆ ವರ್ಷ ವರ್ಷ ಹಿಮ ಕರಗಿದಾಗ ಉಕ್ಕಿ, ದಡ ದಾಟಿ, ಪಾತ್ರವನ್ನೇ ಬದಲಾಯಿಸಿಕೊಂಡು ಹರಿಯುತ್ತಿದ್ದ ನದಿ. ಅದು ಬಿಟ್ಟುಹೋದ ಮಡುಗಳಲ್ಲಿ, ಜೌಗಿನಲ್ಲಿ ಹಕ್ಕಿಗಳು ಚಳಿಗಾಲ ಕಳೆಯುತ್ತಿದ್ದವು. 1916ರಲ್ಲಿ ಕೆಳಗಡೆ ಎಲಿಫೆಂಟ್ ಬ್ಯೂಟ್ ಅಣೆಕಟ್ಟು ಬಂತು, 1970ರ ದಶಕದಲ್ಲಿ ಮೇಲ್ಗಡೆ ಕೊಚಿಟಿ ಅಣೆಕಟ್ಟು ಬಂತು. ನಡುವೆ ಏರಿಗಳು, ಕಾಲುವೆಗಳು, ರಾಜ್ಯ ರಾಜ್ಯಗಳ ನಡುವೆ ನೀರು ಹಂಚಿಕೊಳ್ಳುವ 1938ರ ಒಪ್ಪಂದ. ಕಾವೇರಿಯ ಮಕ್ಕಳಾದ ನಮಗೆ ಈ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನದಿ ಪಳಗಿತು, ಜೌಗು ಒಣಗಿತು. 1941ರ ಚಳಿಗಾಲದಲ್ಲಿ ಇದೇ ಬಾಸ್ಕೆಯಲ್ಲಿ ಸಾರಸಗಳನ್ನು ಎಣಿಸಿದಾಗ ಲೆಕ್ಕ ಇಪ್ಪತ್ತನ್ನೂ ಮುಟ್ಟಲಿಲ್ಲ. ಈಗ ಒಳ್ಳೆಯ ವರ್ಷದಲ್ಲಿ ಹತ್ತು ಸಾವಿರ ದಾಟುತ್ತದೆ.

ಆ ಇಪ್ಪತ್ತಕ್ಕೂ ಈ ಹತ್ತು ಸಾವಿರಕ್ಕೂ ನಡುವೆ ಇರುವುದು ಕೂಲಿ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಯೋಜನೆಯಡಿ ಬಂದ ನಿರುದ್ಯೋಗಿ ಹುಡುಗರು ಸಲಿಕೆ ಹಿಡಿದು ಏರಿ ಕಟ್ಟಿದರು, ಕಾಲುವೆ ತೋಡಿದರು. ನದಿ ತಾನೇ ಮಾಡುತ್ತಿದ್ದ ಕೆಲಸವನ್ನು ಈಗ ಸಿಬ್ಬಂದಿ ತೂಬು ತಿರುಗಿಸಿ ಮಾಡುತ್ತಾರೆ. ವಸಂತದಲ್ಲಿ ಪಾತಿಗಳ ನೀರು ಬಸಿದು ಬಿಡುತ್ತಾರೆ. ಒದ್ದೆ ಮಣ್ಣಿನಲ್ಲಿ ನಮ್ಮ ಊದಲಿನ ಜಾತಿಯ ಕಾಡುಹುಲ್ಲು, ಜವುಗು ಗಿಡ, ಗೆಡ್ಡೆ ಬೆಳೆದು ತೆನೆ ಕಟ್ಟುತ್ತವೆ. ಶರತ್ಕಾಲಕ್ಕೆ ಒಂದೊಂದೇ ಪಾತಿಗೆ ಮತ್ತೆ ನೀರು ಹಾಯಿಸುತ್ತಾರೆ. ಬಾತುಗಳಿಗೆ ಎಷ್ಟು ಆಳ, ಸಾರಸಗಳಿಗೆ ಎಷ್ಟು ಆಳ ಎಂಬ ಲೆಕ್ಕವಿದೆ. ನಮ್ಮ ಊರಿನ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದು ಅವನ ತಲೆಯಲ್ಲಿರುತ್ತಿತ್ತು. ಬಾಸ್ಕೆಯಲ್ಲಿ ನಾನು ನೋಡಿದ್ದು ಅದೇ ವಿದ್ಯೆ. ಗದ್ದೆಯ ಜಾಗದಲ್ಲಿ ಹಕ್ಕಿ, ಅಷ್ಟೇ ವ್ಯತ್ಯಾಸ.

ಇನ್ನು ಜೋಳ. ಆಶ್ರಯಧಾಮದ ಹೊಲಗಳಲ್ಲಿ ಹಕ್ಕಿಗಳಿಗೆಂದೇ ಮುಸುಕಿನ ಜೋಳ ಬೆಳೆಯುತ್ತಾರೆ. ಬಹಳ ಕಾಲ ಇದು ಸುತ್ತಲಿನ ರೈತರೊಂದಿಗೆ ಪಾಲಿನ ಮೇಲೆ ನಡೆಯುತ್ತಿತ್ತು: ಕುದುರೆಮಸಾಲೆ ಸೊಪ್ಪು ರೈತನಿಗೆ, ಜೋಳ ಹಕ್ಕಿಗೆ. ಇದು ಬರೀ ದಾನವಲ್ಲ, ಲೆಕ್ಕಾಚಾರ. ಸರ್ಕಾರಿ ಹೊಲದಲ್ಲಿ ಹೊಟ್ಟೆ ತುಂಬದಿದ್ದರೆ ಹಕ್ಕಿಗಳು ಬೇಲಿಯಾಚೆಯ ಖಾಸಗಿ ಹೊಲಕ್ಕೆ ಇಳಿಯುತ್ತವೆ. ಆಗ ರೈತನ ಕೈಗೆ ಬಂದೂಕು ಬರುತ್ತದೆ. ದಂಟು ನಿಂತಿರುವ ತನಕ ಸಾರಸಕ್ಕೆ ತೆನೆ ಎಟುಕುವುದಿಲ್ಲ, ಒಳಗೆ ಕಯೋಟಿ ಅಡಗಿರಬಹುದೆಂಬ ಭಯ ಬೇರೆ. ಆದ್ದರಿಂದ ಚಳಿಗಾಲದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಟ್ರಾಕ್ಟರಿನಿಂದ ದಂಟು ಕೆಡವುತ್ತಾರೆ.

ಆ ದಿನ ಒಂಬತ್ತು ಗಂಟೆಗೆ ಕೊಳ ಖಾಲಿಯಾದ ಮೇಲೆ ನಾನೂ ಜೊತೆಗೆ ಬಂದಿದ್ದ ನನ್ನ ತಮ್ಮನೂ ಹೊಲದ ಕಡೆ ಹೋದೆವು. ಬಾಸ್ಕೆಗೆ ಬರುವ ಹಾದಿಯಲ್ಲಿ ಸಿಗುವ ಸ್ಯಾನ್ ಆಂಟೋನಿಯೋ ಎಂಬ ಪುಟ್ಟ ಊರಿನಲ್ಲಿ ಹಿಲ್ಟನ್ ಹೋಟೆಲುಗಳ ಕಾನ್ರಾಡ್ ಹಿಲ್ಟನ್ 1887ರಲ್ಲಿ ಹುಟ್ಟಿದ್ದ ಎಂದು ತಮ್ಮ ಹೇಳಿದ. ನನಗೆ ಅದಕ್ಕಿಂತ ಅಲ್ಲಿನ ಹಸಿಮೆಣಸಿನಕಾಯಿ ಸುಡುವ ಘಾಟೇ ಹೆಚ್ಚು ನೆನಪಿದೆ. ಹೊಲದಲ್ಲಿ ಕೆಡವಿದ ದಂಟಿನ ನಡುವೆ ನೂರಾರು ಸಾರಸಗಳು ಮೇಯುತ್ತಿದ್ದವು. ಆಚೆ ತುದಿಯಲ್ಲಿ ಹಸಿರು ಟ್ರಾಕ್ಟರೊಂದು ಸಾಲು ಹಿಡಿದು ನಿಧಾನಕ್ಕೆ ಬರುತ್ತಿತ್ತು. ಹಕ್ಕಿಗಳು ಹೆದರಿ ಹಾರಲಿಲ್ಲ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು, ಅದು ದಾಟುತ್ತಿದ್ದಂತೆ ಮತ್ತೆ ಹಿಂದೆಯೇ ಕೂಡಿಕೊಂಡವು. ಉಳುಮೆಯ ಹಿಂದೆ ಬೆಳ್ಳಕ್ಕಿಗಳು ಬರುವ ಹಾಗೆ. ನಾನು ಕ್ಯಾಮೆರಾ ಎತ್ತಿದೆ. ತಮ್ಮ ತೋಳು ಹಿಡಿದ. "ತಡಿಯಣ್ಣ, ಟ್ರಾಕ್ಟರ್ ದಾಟಲಿ. ಫ್ರೇಮ್ ಹಾಳಾಗುತ್ತೆ." ನಾನೂ ತಡೆದೆ. ಟ್ರಾಕ್ಟರ್ ದಾಟಿತು. ಆಮೇಲೆ ತೆಗೆದ ಚಿತ್ರ ಚೆನ್ನಾಗಿಯೇ ಬಂದಿದೆ, ಆದರೆ ಅಂಥದ್ದು ಇನ್ನೂ ಲಕ್ಷ ಜನರ ಬಳಿ ಇದೆ. ನಾನು ಬಿಟ್ಟುಕೊಟ್ಟ ಚಿತ್ರ ಎಷ್ಟು ಜನರ ಬಳಿ ಇದೆಯೋ.

ತಮ್ಮನನ್ನು ದೂರಿ ಪ್ರಯೋಜನವಿಲ್ಲ. ಅವನಿಗೂ ನನಗೂ ಫೋಟೊಗ್ರಫಿ ಕಲಿಸಿದ್ದು ಒಂದೇ ಸಂಪ್ರದಾಯ. ಬೆಂಗಳೂರಿನಲ್ಲಿ ಸಲೂನ್ ಎಂಬ ಛಾಯಾಚಿತ್ರ ಸ್ಪರ್ಧೆಗಳ ವಲಯದಲ್ಲಿ ಓಡಾಡಿದವರಿಗೆ 'ಹ್ಯಾಂಡ್ ಆಫ್ ಮ್ಯಾನ್' ಎಂಬ ಮಾತು ಗೊತ್ತು. ನಿಸರ್ಗ ವಿಭಾಗಕ್ಕೆ ಕಳಿಸುವ ಚಿತ್ರದಲ್ಲಿ ಮನುಷ್ಯನ ಕೈವಾಡ ಕಾಣಬಾರದು: ತಂತಿ, ಬೇಲಿ, ಗೋಡೆ, ಚಕ್ರದ ಗುರುತು ಇದ್ದರೆ ಚಿತ್ರ ಹೊರಗೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ದೊಡ್ಡವರ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಆ ಶಿಸ್ತು ರಕ್ತಗತವಾಗಿದೆ. ಅದಕ್ಕೆ ಅದರದೇ ಕಾರಣವೂ ಇದೆ. ಪಂಜರದ ಹುಲಿಯನ್ನು ಕಾಡಿನ ಹುಲಿ ಎಂದು ದಾಟಿಸುವವರನ್ನು ತಡೆಯಲು ಒಂದು ಗೆರೆ ಬೇಕಿತ್ತು. ಆದರೆ ಮೋಸವನ್ನು ತಡೆಯಲು ಹಾಕಿದ ಗೆರೆ ಬಾಸ್ಕೆಗೆ ಬಂದಾಗ ತಾನೇ ಒಂದು ಮೋಸ ಮಾಡಿಸುತ್ತದೆ. ತೂಬು ನೀರು ಬಿಟ್ಟ ಕೊಳವನ್ನು ತೂಬಿಲ್ಲದ ಕೊಳವೆಂದು ತೋರಿಸಿದರೆ ಮಾತ್ರ ಅದು 'ನಿಸರ್ಗ'ವಾಗುತ್ತದೆ.

ಚೌಕಟ್ಟು ಎಂದ ಮೇಲೆ ಏನನ್ನಾದರೂ ಬಿಡಲೇಬೇಕು, ಬಿಡುವುದೇ ಕಲೆ ಎನ್ನುತ್ತಾರೆ. ಒಪ್ಪಿದೆ. ಆದರೆ ಎಲ್ಲರೂ ಎಂಬತ್ತು ವರ್ಷಗಳಿಂದ ಒಂದನ್ನೇ ಬಿಡುತ್ತಾ ಬಂದರೆ ಅದನ್ನು ಅಭ್ಯಾಸ ಎನ್ನಬೇಕು, ಕಲೆ ಎನ್ನಲಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮನುಷ್ಯನಿಲ್ಲದ ಆ ಶುದ್ಧ ಚಿತ್ರಗಳೇ ಅಮೆರಿಕದ ಮರುಭೂಮಿಯ ಎಷ್ಟೋ ಭಾಗವನ್ನು ಉಳಿಸಿದವು, ಅವನ್ನು ಹೀಗಳೆಯಬೇಡಿ ಎಂದು. ಇದು ನಿಜ. ಎಲಿಯಟ್ ಪೋರ್ಟರ್ ನ್ಯೂ ಮೆಕ್ಸಿಕೋದಲ್ಲೇ ನೆಲೆಸಿದ್ದ ಛಾಯಾಗ್ರಾಹಕ. ಬಣ್ಣದಲ್ಲಿ ಹಕ್ಕಿಗಳನ್ನು ತೆಗೆದ ಮೊದಲಿಗರಲ್ಲಿ ಒಬ್ಬ. ಕೊಲೊರಾಡೊ ನದಿಯ ಗ್ಲೆನ್ ಕಣಿವೆಯನ್ನು ಅವನು ತೆಗೆದ ಚಿತ್ರಗಳ ಪುಸ್ತಕವನ್ನು ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ 1963ರಲ್ಲಿ ಪ್ರಕಟಿಸಿತು. ಅದೇ ವರ್ಷ ಅಲ್ಲಿನ ಹೊಸ ಅಣೆಕಟ್ಟಿನ ಬಾಗಿಲು ಮುಚ್ಚಿ ಕಣಿವೆ ಮುಳುಗತೊಡಗಿತ್ತು. ಆ ಕಣಿವೆ ಉಳಿಯಲಿಲ್ಲ. ಆದರೆ ಅಂಥ ಪುಸ್ತಕಗಳು ಎಬ್ಬಿಸಿದ ಸಿಟ್ಟು ಮುಂದಿನ ಹೋರಾಟಕ್ಕೆ ಒದಗಿತು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಟ್ಟಬೇಕೆಂದಿದ್ದ ಅಣೆಕಟ್ಟುಗಳನ್ನು 1968ರ ಹೊತ್ತಿಗೆ ಅಮೆರಿಕದ ಸಂಸತ್ತು ಕೈಬಿಟ್ಟಿತು.

ಆದರೆ ಆ ಚಿತ್ರಗಳು ಕೇಳುತ್ತಿದ್ದುದೇನು? ಮುಟ್ಟಬೇಡಿ ಎಂದು. ಕಣಿವೆಗೆ ಆ ಮಾತು ಸರಿ. ಬಂಡೆಗೆ ನಮ್ಮ ಕೂಲಿ ಬೇಡ. ಬಾಸ್ಕೆಯ ಬೇಡಿಕೆ ಇದಕ್ಕೆ ತಿರುಗುಮುರುಗು. ಇಲ್ಲಿ ಒಂದು ಚಳಿಗಾಲ ಯಾರೂ ಏನೂ ಮುಟ್ಟದೆ ಕೈಕಟ್ಟಿ ಕೂತರೆ ಪಾತಿಗಳು ಒಣಗಿ ಬಿರುಕು ಬಿಡುತ್ತವೆ, ಏರಿಯ ಮೇಲೆ ಹೊರನಾಡಿನಿಂದ ಬಂದ ಟ್ಯಾಮರಿಸ್ಕ್ ಪೊದೆ ಹಬ್ಬುತ್ತದೆ, ಹಕ್ಕಿ ಬೇರೆ ದಾರಿ ನೋಡಿಕೊಳ್ಳುತ್ತದೆ. ಕೈ ತೆಗೆಯಿರಿ ಎನ್ನುವ ಚಿತ್ರಭಾಷೆಯಲ್ಲೇ ಕೈ ಹಚ್ಚಿರಿ ಎಂದು ಹೇಳಲಾಗುವುದಿಲ್ಲ. ಪೋರ್ಟರ್ ಕಲಿಸಿದ ವ್ಯಾಕರಣವನ್ನು ನಾವು ತಪ್ಪು ಜಾಗಕ್ಕೆ ಹೊತ್ತುಕೊಂಡು ಬಂದಿದ್ದೇವೆ.

ಇದರಿಂದ ಆಗುವ ನಷ್ಟ ಕಾಲ್ಪನಿಕವೇನಲ್ಲ. 2022ರ ಜುಲೈನಲ್ಲಿ ರಿಯೋ ಗ್ರಾಂಡೆ ಆಲ್ಬುಕರ್ಕಿ ನಗರದೊಳಗೇ ಒಣಗಿತು. ಸುಮಾರು ನಲವತ್ತು ವರ್ಷಗಳಲ್ಲಿ ಅದೇ ಮೊದಲು. ಬಾಸ್ಕೆಯ ಆಸುಪಾಸಿನ ನದಿಪಾತ್ರವಂತೂ ಬೇಸಿಗೆಯಲ್ಲಿ ಮರಳಾಗಿ ಮಲಗುವುದು ವಾಡಿಕೆಯೇ ಆಗಿದೆ. ನಗರ, ಕುದುರೆಮಸಾಲೆ ಹೊಲ, ಕೆಳಗಿನ ಟೆಕ್ಸಸ್, ಅಳಿವಿನಂಚಿನ ಸಿಲ್ವರಿ ಮಿನ್ನೊ ಎಂಬ ಬೆರಳುದ್ದದ ಮೀನು, ಹಕ್ಕಿ: ಎಲ್ಲರೂ ಕೇಳುವುದು ಅದೇ ನೀರನ್ನು. ಈ ಜಗಳ ಬಿಗಿಯಾದಾಗ ಹಕ್ಕಿಯ ಪಾಲಿನ ಪರ ಮಾತಾಡುವವರು ಯಾರು? ಆ ನೀರು ತಾನಾಗಿಯೇ ಬರುತ್ತದೆಂದು ಎಂಬತ್ತು ವರ್ಷ ಚಿತ್ರ ನೋಡಿ ನಂಬಿದವರಿಗೆ, ಅದನ್ನು ಯಾರಾದರೂ ಕೇಳಿ ಪಡೆಯಬೇಕು ಎಂಬುದೇ ಹೊಳೆಯುವುದಿಲ್ಲ. ಹೊನ್ನಿನ ಬಣ್ಣದ ಕಾಟನ್‌ವುಡ್‌ಗಳದ್ದೂ ಇದೇ ಪಾಡು. ಅವುಗಳ ಬೀಜ ಮೊಳೆಯಲು ಪ್ರವಾಹ ಹಾಸಿಹೋದ ಬೆತ್ತಲೆ ಒದ್ದೆ ಮಣ್ಣು ಬೇಕು. ಪ್ರವಾಹ ನಿಂತಿದ್ದರಿಂದ ನಾವು ಹಿನ್ನೆಲೆಗೆ ಇಟ್ಟುಕೊಳ್ಳುವ ತೋಪಿನಲ್ಲಿ ಅಜ್ಜ ಮರಗಳೇ ಹೆಚ್ಚು, ಮೊಮ್ಮಕ್ಕಳು ಕಡಿಮೆ. ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಅಜ್ಜ ಮರಕ್ಕೇ ಬಣ್ಣ ಜಾಸ್ತಿ.

ಬಾಸ್ಕೆಯೊಂದೇ ಅಲ್ಲ. ನೆವಾಡದ ಬೌಲ್ಡರ್ ಸಿಟಿ ಹೂವರ್ ಅಣೆಕಟ್ಟು ಕಟ್ಟುವವರಿಗಾಗಿ ಎದ್ದ ಊರು. ಅಲ್ಲಿನ ಹೆಮೆನ್‌ವೇ ಪಾರ್ಕಿನ ಹುಲ್ಲುಹಾಸಿಗೆ ಬೆಟ್ಟದ ದೊಡ್ಡ ಕೊಂಬಿನ ಕಾಡುಕುರಿಗಳು ಇಳಿದು ಬಂದು ಮೇಯುತ್ತವೆ. ಮಕ್ಕಳ ಉಯ್ಯಾಲೆಯ ಪಕ್ಕದಲ್ಲೇ ಸುರುಳಿ ಕೊಂಬಿನ ಟಗರು. ಲೆನ್ಸನ್ನು ಸ್ವಲ್ಪ ಮೇಲಕ್ಕೆತ್ತಿದರೆ ಸಾಕು, ಹಿಂದೆ ಬೋಳು ಬೆಟ್ಟ ಬಂದು 'ಮರುಭೂಮಿಯ ಒಡೆಯ' ಸಿದ್ಧ. ಹುಲ್ಲಿಗೆ ಬರುವ ನೀರು ಆ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದ್ದು, ಕೊಲೊರಾಡೊ ನದಿಯದ್ದು. ಗ್ರ್ಯಾಂಡ್ ಕ್ಯಾನ್ಯನ್ ದಂಡೆಯಲ್ಲಿ ಸೆಪ್ಟೆಂಬರ್ ಬಂದರೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಕಹಳೆಯೂದಿದಂತೆ ಕೂಗುತ್ತವೆ. ಅರಿಝೋನಾದ ಮೂಲ ಎಲ್ಕ್ ತಳಿ ನಿರ್ನಾಮವಾದ ಮೇಲೆ 1913ರಲ್ಲಿ ಯೆಲ್ಲೋಸ್ಟೋನ್‌ನಿಂದ ರೈಲಿನಲ್ಲಿ ತಂದು ಬಿಟ್ಟವುಗಳ ಸಂತತಿ ಇದು. ಪ್ರವಾಸಿಗರು ಬಾಟಲಿ ತುಂಬಿಸಿಕೊಳ್ಳುವ ನಲ್ಲಿಯ ಹಿಡಿಯನ್ನು ಮೂತಿಯಿಂದ ಎತ್ತಿ ನೀರು ಕುಡಿಯುವುದನ್ನು ಇವು ಕಲಿತಿವೆ. ನನ್ನ ಮಟ್ಟಿಗೆ ಮಂಜಿನಲ್ಲಿ ಕೊಂಬೆತ್ತಿ ನಿಂತ ಎಲ್ಕ್‌ಗಿಂತ ನಲ್ಲಿಯ ಮುಂದೆ ಸರದಿಯಲ್ಲಿ ನಿಂತ ಎಲ್ಕ್ ಈ ಮರುಭೂಮಿಯ ಬಗ್ಗೆ ಹೆಚ್ಚು ಹೇಳುತ್ತದೆ.

ಹಾಗಾದರೆ ಎಲ್ಲವೂ ಕೃತಕವೇ ಎಂದ ಮೇಲೆ ಏನು ಬೇಕಾದರೂ ಮಾಡಬಹುದೇ? ಸಾಕುಪ್ರಾಣಿ ಅಂಗಡಿಯಿಂದ ಇಲಿ ತಂದು ಗೂಬೆಯ ಮುಂದೆ ಎಸೆದು, ಅದು ಲೆನ್ಸಿನತ್ತಲೇ ರೆಕ್ಕೆ ಹರಡಿ ಬರುವ ಚಿತ್ರ ತೆಗೆಯುವವರಿದ್ದಾರೆ. ಬಾಸ್ಕೆಯ ಜೋಳವೂ ಅಷ್ಟೇ ತಾನೇ ಎಂದು ಅವರಲ್ಲೊಬ್ಬ ನನ್ನ ಮುಂದೆಯೇ ವಾದಿಸಿದ. ಅಷ್ಟೇ ಅಲ್ಲ. ಇಲಿ ಎಸೆದವನು ಚಿತ್ರ ಸಿಕ್ಕ ಮೇಲೆ ಮನೆಗೆ ಹೋಗುತ್ತಾನೆ. ಮನುಷ್ಯ ಕಂಡರೆ ಊಟ ಎಂದು ಕಲಿತ ಗೂಬೆ ರಸ್ತೆ ಬದಿಗೆ ಬಂದು ಕಾರಿಗೆ ಸಿಕ್ಕಿ ಸಾಯುವಾಗ ಅವನಿರುವುದಿಲ್ಲ. ಜೋಳ ಬಿತ್ತಿದವರು ಮರುವರ್ಷವೂ ಬಿತ್ತುತ್ತಾರೆ, ಎಣಿಸುತ್ತಾರೆ, ತಪ್ಪಾದರೆ ತಿದ್ದಿಕೊಳ್ಳುತ್ತಾರೆ. ಅವರಿಗೂ ತಪ್ಪುತ್ತದೆ. ಇಷ್ಟು ಹಕ್ಕಿಗಳನ್ನು ಒಂದೆಡೆ ಕೂಡಿಸಿದರೆ ಹಕ್ಕಿ ಕಾಲರಾದಂಥ ರೋಗ ಹರಡುವ ಅಪಾಯ ಇದ್ದದ್ದೇ. 1975ರಲ್ಲಿ ವೂಪಿಂಗ್ ಕ್ರೇನ್ ಎಂಬ ಅತಿ ವಿರಳ ಬಿಳಿ ಸಾರಸದ ಮೊಟ್ಟೆಗಳನ್ನು ಐಡಾಹೋದಲ್ಲಿ ಈ ಬೂದು ಸಾರಸಗಳ ಗೂಡಿನಲ್ಲಿಡಲು ಶುರುಮಾಡಿದರು. ಮರಿಗಳು ಸಾಕುತಾಯಿಯ ಹಿಂದೆ ಹಾರಿ ಬಾಸ್ಕೆಯ ತನಕ ಬಂದವು. ಆದರೆ ತಾವು ಯಾರೆಂಬುದನ್ನೇ ಅವು ಅರಿಯಲಿಲ್ಲ. ತಮ್ಮ ಜಾತಿಯಲ್ಲಿ ಜೋಡಿ ಕಟ್ಟಲಿಲ್ಲ, ಪ್ರಯೋಗ ನಿಂತಿತು. ಮನುಷ್ಯನ ಕೈ ಎಂದರೆ ಇದೂ ಸೇರಿದಂತೆಯೇ. ಕಾಣದ ಕೈಯ ತಪ್ಪನ್ನು ಹಿಡಿಯುವುದು ಹೇಗೆ?

ನಮ್ಮ ನಾಡಿನವರಿಗೆ ಇದು ಹೊಸ ಪಾಠವಾಗಬೇಕಿರಲಿಲ್ಲ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆಹಣ್ಣಿನ ಆಸೆ ಬಿಟ್ಟು ಮರ ಉಳಿಸಿಕೊಂಡವರು ಆ ಊರಿನವರು. ಗದಗ ಜಿಲ್ಲೆಯ ಮಾಗಡಿ ಕೆರೆ ಜನ ಕಟ್ಟಿದ್ದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಅದರಲ್ಲಿ ಕೂತು, ಸುತ್ತಲ ರೈತರ ಹೊಲದಲ್ಲಿ ಮೇಯುತ್ತವೆ. ಆ ಕೆರೆಗೆ 2024ರಲ್ಲಿ ಮಹತ್ವದ ಜೌಗುಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ಎರಡೂ ಕಡೆ ನಮ್ಮ ಛಾಯಾಗ್ರಾಹಕರು ಮಾಡುವುದೇನು? ಹೆಂಚಿನ ಸೂರು ತಪ್ಪಿಸಿ, ವಿದ್ಯುತ್ ತಂತಿ ತಪ್ಪಿಸಿ, ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವ ಅಜ್ಜಿಯನ್ನು ತಪ್ಪಿಸಿ ಆಕಾಶಕ್ಕೆ ಲೆನ್ಸ್ ಹಿಡಿಯುತ್ತಾರೆ. ತಮಾಷೆಯೆಂದರೆ, ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಕೂಡಿ ಒಪ್ಪಿಕೊಂಡ ನಿಸರ್ಗ ಚಿತ್ರದ ವ್ಯಾಖ್ಯೆಯಲ್ಲೇ ಒಂದು ವಿನಾಯಿತಿ ಇದೆ. ನಿಸರ್ಗದ ಕತೆಗೆ ಅಗತ್ಯವಾದರೆ ಮಾನವ ಕುರುಹು ಇರಬಹುದು ಎನ್ನುತ್ತದೆ ಅದು; ಮನುಷ್ಯ ಮಾರ್ಪಡಿಸಿದ ಪರಿಸರಕ್ಕೆ ಒಗ್ಗಿಕೊಂಡ ಕಣಜದ ಗೂಬೆ, ಕೊಕ್ಕರೆಗಳನ್ನು ಅದರ ಹಿಂದಿನ ಪಾಠ ಹೆಸರಿಸಿಯೇ ಹೇಳಿತ್ತು. ಕೊಕ್ಕರೆಯ ಹೆಸರನ್ನೇ ಹಿಡಿದು ಕೊಟ್ಟ ಈ ಬಾಗಿಲನ್ನು ಕೊಕ್ಕರೆ ಬೆಳ್ಳೂರಿನ ನಾಡಿನವರೇ ಬಳಸುವುದು ಅಪರೂಪ. ಬಾಗಿಲಿದೆ ಎಂದು ಗೊತ್ತಿದ್ದರೂ ತೀರ್ಪುಗಾರರ ಮುಖ ನೆನೆದು ಸುಮ್ಮನಾಗುತ್ತೇವೆ. ನಾನೂ ಒಮ್ಮೆ ಸೂರಿನ ಸಮೇತ ಗೂಡಿನ ಚಿತ್ರವನ್ನು ಒಂದು ಸಲೂನಿಗೆ ಕಳಿಸಿ ಮೂರು ತೀರ್ಪುಗಾರರಿಂದಲೂ ಕನಿಷ್ಠ ಅಂಕ ಪಡೆದವನು.

ಪ್ರತಿ ಚಿತ್ರದಲ್ಲೂ ಟ್ರಾಕ್ಟರ್ ಇರಲಿ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಬೆಂಕಿ ಬಣ್ಣದ ನೀರಿನಲ್ಲಿ ಮೂರು ಸಾರಸ ಬಾಗಿದಾಗ ನಾನೂ ಶಟರ್ ಒತ್ತುತ್ತೇನೆ, ಮುಂದೆಯೂ ಒತ್ತುತ್ತೇನೆ. ಹತ್ತು ಚಿತ್ರಗಳ ಸರಣಿಯಲ್ಲಿ ಎರಡಾದರೂ ತೂಬಿನದ್ದು, ಕಾಲುವೆಯದ್ದು, ರಬ್ಬರ್ ಬೂಟು ಹಾಕಿಕೊಂಡು ಹಲಗೆ ಎತ್ತುವ ಸಿಬ್ಬಂದಿಯದ್ದು ಇರಲಿ ಎನ್ನುತ್ತೇನೆ. ಅಡಿಬರಹದಲ್ಲಿ ಲೆನ್ಸಿನ ಉದ್ದ, ಶಟರಿನ ವೇಗ ಬರೆಯುವ ನಾವು ನೀರು ಎಲ್ಲಿಂದ ಬಂತೆಂದು ಒಂದು ಸಾಲು ಬರೆದರೆ ಕೈ ಸವೆಯುವುದಿಲ್ಲ. ಸಲೂನು ನಡೆಸುವವರು ತಮ್ಮದೇ ನಿಯಮದ ಆ ವಿನಾಯಿತಿಯನ್ನು ತೀರ್ಪುಗಾರರಿಗೆ ಒಮ್ಮೆ ಜೋರಾಗಿ ಓದಿ ಹೇಳಲಿ. 1934ರಿಂದ ಅಮೆರಿಕದ ಬಾತು ಬೇಟೆಗಾರರು ಪ್ರತಿವರ್ಷ ಒಂದು ಸ್ಟಾಂಪ್ ಕೊಳ್ಳಲೇಬೇಕು. ಆ ದುಡ್ಡಿನಿಂದ ದೇಶದ ಎಷ್ಟೋ ಜೌಗುಗಳು ಉಳಿದಿವೆ. ಕೋವಿ ಹಿಡಿದವರು ಕೊಡುವುದನ್ನು ಕ್ಯಾಮೆರಾ ಹಿಡಿದವರೂ ಕೊಡಬಹುದು. ಆಶ್ರಯಧಾಮದ ಪ್ರವೇಶಕ್ಕೂ ಅದೇ ಸ್ಟಾಂಪ್ ನಡೆಯುತ್ತದೆ.

ಬರುವ ನವೆಂಬರಿನಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು, ಆಲ್ಬುಕರ್ಕಿ ಕಡೆ ಬಂದರೆ, ಬೆಳಗಿನ ಕೊಳ ಮುಗಿದ ಕೂಡಲೇ ಕಾಫಿಗೆಂದು ಹೊರಡಬೇಡಿ. ಜೋಳದ ಹೊಲದ ಪಕ್ಕ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಇಳಿಸಿ. ಟ್ರಾಕ್ಟರ್ ಬಂದರೆ ಕಾಯಬೇಡಿ, ಆಗಲೇ ಶಟರ್ ಒತ್ತಿ. ಆ ಚಿತ್ರ ನನ್ನ ಬಳಿ ಇಲ್ಲ.